ಮೊದಲು ನಿಲ್ಲಲಿ, ಆಮೇಲೆ ಓಡಲಿ

ಹಾಟ್ ರಾಡ್ ಅಂದ ಕೂಡಲೇ ತಲೆಗೆ ಬರೋದು ಎಂಜಿನ್ ಸದ್ದು. ನನಗೂ ಅಷ್ಟೇ. ನಾನಿರೋ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಪಕ್ಕದ ಮನೆಯ ಅಜ್ಜ ನಿವೃತ್ತ ಮೆಷಿನಿಸ್ಟ್. ತಮ್ಮ ಗ್ಯಾರೇಜಿನಲ್ಲಿದ್ದ 1930ರ ಫೋರ್ಡ್ ಮಾಡೆಲ್ ಎ ತೋರಿಸಿ, "ಶನಿವಾರ ಬಿಡುವಿದ್ರೆ ಬಾ" ಅಂದರು. ನಾನು ಕೇಳಿದ ಮೊದಲ ಪ್ರಶ್ನೆ: "ಎಂಜಿನ್ ಯಾವುದು ಹಾಕ್ತೀರಿ?"

"ಎಂಜಿನ್ ಮೂಲೆಯಲ್ಲಿದೆ. ಮೊದಲು ಇದು ಹೇಗೆ ನಿಲ್ಲುತ್ತೆ ನೋಡೋಣ" ಅಂದರು.

ಮಾಡೆಲ್ ಎ ಬಂದಿದ್ದು 40 ಅಶ್ವಶಕ್ತಿಯ ಎಂಜಿನ್ ಜೊತೆ. ಅದರ ಬ್ರೇಕಿಗೆ ಆಯಿಲ್ ಇಲ್ಲ. ಪೆಡಲ್‌ನಿಂದ ಚಕ್ರದವರೆಗೆ ಉಕ್ಕಿನ ರಾಡುಗಳು. ಆ ಕಾಲದ ವೇಗಕ್ಕೆ ಅದು ಸಾಕಿತ್ತು. ಆದರೆ ಮೂಲೆಯಲ್ಲಿದ್ದದ್ದು 1948ರ ಫ್ಲಾಟ್‌ಹೆಡ್ ವಿ8, 100 ಅಶ್ವಶಕ್ತಿ. ಫೋರ್ಡ್ ಕಾರುಗಳಿಗೆ ಹೈಡ್ರಾಲಿಕ್ ಬ್ರೇಕ್ ಬಂದದ್ದೇ 1939ರಲ್ಲಿ. 1939ರಿಂದ 1948ರವರೆಗಿನ ಆ ಬ್ರೇಕುಗಳನ್ನು ಹಳೆ ಮಾಡೆಲ್ ಎಗೆ ಕೂರಿಸೋದು ಹಾಟ್ ರಾಡ್‌ನವರ ಹಳೆಯ ರೂಢಿ.

ಕೂರಿಸೋದು ಅಂದ್ರೆ ಬರೀ ಬೋಲ್ಟ್ ಬಿಗಿಯೋದಲ್ಲ. ಆಕ್ಸಲ್ ತುದಿಯಲ್ಲಿ ಕಿಂಗ್‌ಪಿನ್, ಅದರ ಮೇಲೆ ತಿರುಗೋ ಸ್ಪಿಂಡಲ್, ಸ್ಪಿಂಡಲ್‌ಗೆ ಬ್ಯಾಕಿಂಗ್ ಪ್ಲೇಟ್, ಅದರಲ್ಲಿ ಬ್ರೇಕ್ ಶೂ, ವೀಲ್ ಸಿಲಿಂಡರ್, ಹೊರಗೆ ಡ್ರಮ್. ಒಂದು ವರ್ಷದ ಭಾಗ ಇನ್ನೊಂದು ವರ್ಷದ್ದಕ್ಕೆ ಹತ್ತಿರ ಬರುತ್ತೆ, ಪೂರ್ತಿ ಕೂರಲ್ಲ. ಅಳೆದು ಅಳೆದು, ಅಲ್ಲೊಂದು ರಿಂಗ್, ಇಲ್ಲೊಂದು ಶಿಮ್ ಹಾಕಬೇಕು.

ನನ್ನ ಪಾಲಿಗೂ ಏನಾದ್ರೂ ಇರಲಿ ಅಂತ ಹಳೆ ಬಿಡಿಭಾಗಗಳ ಸಂತೆಯಲ್ಲಿ ಒಂದು ಡ್ರಾಪ್ಡ್ ಆಕ್ಸಲ್ ಕೊಂಡೆ. ತುದಿಗಳನ್ನು ಕಾಯಿಸಿ ಮೇಲಕ್ಕೆ ಬಗ್ಗಿಸಿದ್ದು. ಹಾಕಿದ್ರೆ ಗಾಡಿಯ ಮೂತಿ 3 ಇಂಚು ಕೆಳಗಿಳಿಯುತ್ತೆ. ನೋಡೋಕೆ ಭರ್ಜರಿ. ಬೆಲೆಯೂ ಭರ್ಜರಿ.

ಅಜ್ಜ ಹೊಗಳಲಿಲ್ಲ. ಪರೀಕ್ಷೆಗೆ ಮೆಷಿನ್ ಶಾಪಿಗೆ ಕರ್ಕೊಂಡು ಹೋದರು. ಅಲ್ಲಿ ಆಕ್ಸಲ್‌ಗೆ ಕಾಂತಶಕ್ತಿ ಹಾಯಿಸಿ, ಹೊಳೆಯುವ ಕಬ್ಬಿಣದ ಪುಡಿ ಬೆರೆಸಿದ ದ್ರವ ಸುರಿದು, ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರು. ಕಿಂಗ್‌ಪಿನ್ ತೂತಿನ ಪಕ್ಕ ಕೂದಲೆಳೆಯಷ್ಟು ಸಣ್ಣ ಹಸಿರು ಗೆರೆ. ಬಿರುಕು!

"ಬಹಳ ಚಿಕ್ಕದಲ್ವಾ?" ಅಂದೆ.

"ಬ್ರೇಕ್ ಒಳ್ಳೇದಾದಷ್ಟೂ ಈ ಜಾಗದ ಮೇಲೆ ಹೊರೆ ಜಾಸ್ತಿ. ಜೋರಾಗಿ ಬ್ರೇಕ್ ಒತ್ತಿದಾಗಲೇ ಇದು ಮುರಿಯೋದು" ಅಂದರು.

ಮನೆಗೆ ಬಂದ ಮೇಲೆ ಕೆಟ್ಟ ಯೋಚನೆ ಬಂತು. ಬಿರುಕು ಬರಿಗಣ್ಣಿಗೆ ಕಾಣಲ್ಲ. ಅದೇ ಸಂತೆಗೆ ಹಾಕಿದ್ರೆ ದುಡ್ಡು ವಾಪಸ್. ಯಾರಿಗೆ ಗೊತ್ತಾಗುತ್ತೆ? ಬಹುಶಃ ನನಗೆ ಮಾರಿದವನೂ ಹೀಗೇ ಅಂದುಕೊಂಡಿರಬೇಕು. ಎರಡು ಶನಿವಾರ ಗ್ಯಾರೇಜಿನ ಕಡೆ ಹೋಗಲೇ ಇಲ್ಲ.

ಮೂರನೇ ಶನಿವಾರ ಆಕ್ಸಲ್ ಹೊತ್ತುಕೊಂಡು ಹೋದೆ. ಅಜ್ಜ ಏನೂ ಕೇಳಲಿಲ್ಲ. ಗ್ರೈಂಡರ್ ತಗೊಂಡು ನಾನೇ ಅದನ್ನು ಎರಡು ತುಂಡು ಮಾಡಿದೆ.

ಕೊನೆಗೆ ಗಾಡಿಯ ಮೂಲ ಆಕ್ಸಲ್ಲೇ ಪರೀಕ್ಷೆಯಲ್ಲಿ ಪಾಸಾಗಿ ವಾಪಸ್ ಬಂತು. ಮೂತಿ ಎತ್ತರವಾಗಿಯೇ ಉಳೀತು. ಮೊದಲ ಓಟದಲ್ಲಿ ಬ್ರೇಕ್ ಒತ್ತಿದ್ರೆ ಗಾಡಿ ಎಡಕ್ಕೆ ಎಳೀತು. ಶೂ ಅಡ್ಜಸ್ಟ್ ಮಾಡಿದ್ವಿ. ಮತ್ತೆ ಓಡಿಸಿದ್ವಿ, ಮತ್ತೆ ಅಡ್ಜಸ್ಟ್. ನಾಲ್ಕನೇ ಸಲ ಸ್ಟಾಪ್ ಬೋರ್ಡಿನ ಮುಂದೆ ನೇರವಾಗಿ, ಸದ್ದಿಲ್ಲದೆ ನಿಂತಿತು. ಆಗ ಅಜ್ಜ ಮೊದಲ ಸಲ ಎಂಜಿನ್ ಬಗ್ಗೆ ಹೊಗಳಿ ಮಾತಾಡಿದರು.

ನಿಮ್ಮ ಮನೆಯಲ್ಲೂ ಅಪ್ಪನ ಹಳೇ ಬೈಕೋ, ತಾತನ ಜೀಪೋ ಮತ್ತೆ ರಸ್ತೆಗಿಳಿಯೋ ಪ್ಲಾನ್ ಇದ್ಯಾ? ಪೇಂಟ್ ಆಮೇಲೆ ಮಾಡಿಸಿ. ಮೊದಲು ಬ್ರೇಕ್ ಬಿಚ್ಚಿ ನೋಡಿ. ಒಳಗೆ ಕೆಟ್ಟ ಭಾಗ ಸಿಕ್ಕಿದ್ರೆ, ಅದು ಇನ್ನೊಬ್ಬರ ಕೈಗೆ ಹೋಗದ ಹಾಗೆ ನೋಡಿಕೊಳ್ಳಿ.