ಹೊಸ ಗಣಕಯಂತ್ರದ ಗುಣ ಏಳನೆಯ ವರ್ಷದಲ್ಲಿ ತಿಳಿಯುತ್ತದೆ

ಮಲೆನಾಡಿನ ಮನೆಯೊಂದಕ್ಕೆ ಹೊಸ ಗಣಕಯಂತ್ರ ಬಂದರೆ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ ‘ಹೇಗಿದೆ?’ ಎಂಬುದು. ಕೊಂಡವರ ಉತ್ತರವೂ ಬಹುಮಟ್ಟಿಗೆ ಒಂದೇ. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ಸಿದ್ಧವಾಗುತ್ತದೆ, ಸದ್ದಿಲ್ಲ, ಪರದೆ ನಿಚ್ಚಳ, ಕನ್ನಡದ ಒತ್ತಕ್ಷರಗಳು ಒಡೆಯುವುದಿಲ್ಲ. ಮಕ್ಕಳ ಪಾಠ, ತೋಟದ ಲೆಕ್ಕ, ಮದುವೆಯ ಫೋಟೊ ಎಲ್ಲಕ್ಕೂ ಧಾರಾಳವಾಗಿ ಸಾಕು. 16 ಜಿಬಿ ರ್‍ಯಾಮ್ ಮತ್ತು 512 ಜಿಬಿ ಎಸ್‌ಎಸ್‌ಡಿ ಇರುವ ಮಧ್ಯಮ ದರ್ಜೆಯ ಯಂತ್ರ ಇಷ್ಟನ್ನೂ ಮಾಡದಿದ್ದರೆ ಆಶ್ಚರ್ಯಪಡಬೇಕು. ಮೊದಲ ತಿಂಗಳ ಈ ಮೆಚ್ಚುಗೆ ಸುಳ್ಳಲ್ಲ, ಆದರೆ ಅಪೂರ್ಣ. ಅಡಿಕೆ ಸಸಿಯನ್ನು ನೆಟ್ಟ ವರ್ಷವೇ ಅದರ ಫಸಲಿನ ಬಗ್ಗೆ ತೀರ್ಪು ಕೊಡುವವರು ಯಾರೂ ಇಲ್ಲ. ಯಂತ್ರದ ವಿಷಯದಲ್ಲೂ ಅಷ್ಟೇ ತಾಳ್ಮೆ ಬೇಕು.

ಹಳ್ಳಿಯ ಮನೆಗೆ ಗಣಕಯಂತ್ರ ಏತಕ್ಕೆ ಎಂದು ಕೇಳುವವರು ಪರಿಸರಪ್ರಿಯರಲ್ಲಿ ಇನ್ನೂ ಇದ್ದಾರೆ. ಆ ವಾದ ಇಂದು ನಿಲ್ಲುವಂಥದ್ದಲ್ಲ. ಪಹಣಿಯು ‘ಭೂಮಿ’ ಯೋಜನೆಯ ಮೂಲಕ ಕಂಪ್ಯೂಟರಿಗೆ ಹೋಗಿ ಎರಡು ದಶಕಗಳೇ ಕಳೆದಿವೆ. ಅಣೆಕಟ್ಟು, ಗಣಿ, ಹೆದ್ದಾರಿಗಳಿಗೆ ಅನುಮತಿ ಕೋರುವ ಅರ್ಜಿಗಳು 2018ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದ ಮೂಲಕ ಸಾಗುತ್ತವೆ. ನೂರಾರು ಪುಟಗಳ ಪರಿಸರ ಪರಿಣಾಮ ವರದಿಯನ್ನೂ ಸರ್ವೆ ನಂಬರುಗಳ ನಕ್ಷೆಯನ್ನೂ ಅಂಗೈ ಅಗಲದ ಮೊಬೈಲಿನಲ್ಲಿ ಓದಿ ಆಕ್ಷೇಪಣೆ ಬರೆಯುವುದು ಬಹಳ ಕಷ್ಟ. ತನ್ನ ಕಾಡಿನ ಕಡತವನ್ನು ತಾನೇ ತೆರೆದು ಓದಬಲ್ಲ ಊರು ಸುಲಭವಾಗಿ ಮೋಸಹೋಗದು. ಆದ್ದರಿಂದ ಯಂತ್ರ ಬೇಕು. ಎಷ್ಟು ವರ್ಷಕ್ಕೊಂದು ಬೇಕು ಎಂಬುದೇ ವಿಚಾರಿಸಬೇಕಾದ ಸಂಗತಿ.

ಇದಕ್ಕೆ ಲೆಕ್ಕವೊಂದಿದೆ. ವಿಶ್ವಸಂಸ್ಥೆಯ ವಿಶ್ವವಿದ್ಯಾಲಯವು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಮೇಜುಗಣಕ ಹಾಗೂ ಅದರ 17 ಇಂಚಿನ ಪರದೆಯನ್ನು ತಯಾರಿಸಲು ಕನಿಷ್ಠ 240 ಕಿಲೋ ಪಳೆಯುಳಿಕೆ ಇಂಧನ, 22 ಕಿಲೋ ರಾಸಾಯನಿಕಗಳು ಹಾಗೂ 1,500 ಕಿಲೋ ನೀರು ಬೇಕಾಗಿತ್ತು. ಮನೆಗೆ ಬರುವ 14.2 ಕಿಲೋ ಅಡುಗೆ ಅನಿಲದ ಲೆಕ್ಕದಲ್ಲಿ ಹೇಳುವುದಾದರೆ, ಆ ಇಂಧನದ ತೂಕ ಹೆಚ್ಚುಕಡಿಮೆ ಹದಿನೇಳು ಸಿಲಿಂಡರುಗಳಷ್ಟು. ಅಂದಿನ ಯಂತ್ರಕ್ಕೂ ಇಂದಿನದಕ್ಕೂ ವ್ಯತ್ಯಾಸವಿದೆ ನಿಜ. ಆದರೆ ಮನೆಬಳಕೆಯ ಗಣಕವು ಭೂಮಿಗೆ ಹೊರಿಸುವ ಭಾರದ ದೊಡ್ಡ ಪಾಲು ಅದರ ಗುಂಡಿ ಒತ್ತುವ ಮೊದಲೇ ಮುಗಿದಿರುತ್ತದೆ ಎಂಬ ಪಾಠ ಬದಲಾಗಿಲ್ಲ. ಆ 240 ಕಿಲೋವನ್ನು ನಾಲ್ಕು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 60 ಕಿಲೋ, ಎಂಟು ವರ್ಷಗಳಿಗೆ ಹಂಚಿದರೆ 30 ಕಿಲೋ. ಆಯುಷ್ಯ ಇಮ್ಮಡಿಯಾದರೆ ಭಾರ ಅರ್ಧವಾಗುತ್ತದೆ. ಇದಕ್ಕಿಂತ ಅಗ್ಗದ ಪರಿಸರ ಸಂರಕ್ಷಣೆ ಇನ್ನೊಂದಿಲ್ಲ.

ಬಳಕೆಯ ವಿದ್ಯುತ್ತನ್ನು ಮರೆಯಬೇಕೆಂದಲ್ಲ. ಪರದೆಯೂ ಸೇರಿ 80 ವಾಟ್ ಬಳಸುವ ಯಂತ್ರ ದಿನಕ್ಕೆ ಐದು ಗಂಟೆ ನಡೆದರೆ ತಿಂಗಳಿಗೆ 12 ಯೂನಿಟ್ ಆಗುತ್ತದೆ. 2023ರಲ್ಲಿ ಬಂದ ‘ಗೃಹಜ್ಯೋತಿ’ಯಿಂದಾಗಿ ಅನೇಕ ಮನೆಗಳ ಬಿಲ್ಲಿನಲ್ಲಿ ಈ 12 ಯೂನಿಟ್ ಕಾಣಿಸದೆ ಹೋಗಬಹುದು. ಆದರೆ 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ವಿದ್ಯುತ್ತಿನ ಬೆಲೆ ಬಿಲ್ಲಿನಲ್ಲಿ ಬರೆದಷ್ಟೇ ಅಲ್ಲ ಎಂದು ಯಾರೂ ಕಲಿಸಿಕೊಡಬೇಕಾಗಿಲ್ಲ.

ಹೀಗಿರುವಾಗ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಹಳತೆಂದು ಘೋಷಿಸುವ ಅಧಿಕಾರ ಯಾರದು? ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ‘ವಿಂಡೋಸ್ 10’ಕ್ಕೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಮುಂದಿನ ಆವೃತ್ತಿಯಾದ ‘ವಿಂಡೋಸ್ 11’ಕ್ಕೆ ‘ಟಿಪಿಎಂ 2.0’ ಎಂಬ ಭದ್ರತಾ ವ್ಯವಸ್ಥೆ ಹಾಗೂ ಹೊಸ ಪೀಳಿಗೆಯ ಪ್ರೊಸೆಸರ್ ಬೇಕೆಂಬ ನಿಯಮವಿದೆ. ಯಾವ ಭಾಗವೂ ಕೆಡದ ಅಸಂಖ್ಯ ಗಣಕಗಳು ಈ ಒಂದು ಷರತ್ತಿನಿಂದ ಅನರ್ಹವಾದವು. ಭದ್ರತೆಯ ಕಾರಣ ಪೂರ್ತಿ ಪೊಳ್ಳೆಂದು ಹೇಳಲಾಗದು. ಆದರೆ ಅದರ ಖರ್ಚನ್ನು ಹೊರುವವರು ಕೊಂಡವರು ಮತ್ತು ನೆಲ, ಸಂಸ್ಥೆಯಲ್ಲ. ಅಂಥ ಯಂತ್ರಗಳಿಗೆ ಲಿನಕ್ಸ್ ಹಾಕಿದರೆ ಹಲವು ವರ್ಷ ಕೆಲಸ ಕೊಡುತ್ತವೆ. ಯೂನಿಕೋಡ್ ಕನ್ನಡ ಅಲ್ಲಿಯೂ ಸರಾಗ. ಕಾಲೇಜು ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಬಂದಾಗ ಮಾಡಬಹುದಾದ ಸೇವೆ ಇದು.

ದೀರ್ಘಾಯುಷ್ಯದ ದೃಷ್ಟಿಯಿಂದ ಮೇಜುಗಣಕವೇ ಹಳ್ಳಿಮನೆಗೆ ಹೊಂದುವ ಯಂತ್ರ. ಅದರ ಪೆಟ್ಟಿಗೆಯನ್ನು ಬಿಚ್ಚಬಹುದು. ರ್‍ಯಾಮ್ ಸಾಲದಿದ್ದರೆ ಸೇರಿಸಬಹುದು. ಎಸ್‌ಎಂಪಿಎಸ್ ಸುಟ್ಟರೆ ಅದೊಂದನ್ನೇ ಬದಲಾಯಿಸಬಹುದು. ಪರದೆಯನ್ನು ಮುಂದಿನ ಯಂತ್ರಕ್ಕೂ ಉಳಿಸಿಕೊಳ್ಳಬಹುದು. ಎಲ್ಲವನ್ನೂ ಪರದೆಯ ಬೆನ್ನಿಗೇ ಅಂಟಿಸಿದ ಅಂದದ ಮಾದರಿಗಳಲ್ಲಿ ಈ ಸೌಕರ್ಯ ಬಹಳ ಕಡಿಮೆ. ಮಲೆನಾಡಿನಲ್ಲಿ ಯಂತ್ರಗಳ ಶತ್ರುಗಳೂ ಬೇರೆ: ಮಳೆಗಾಲದ ತೇವ, ಇರುವೆ, ಸಿಡಿಲು. ಸರಿಯಾದ ಅರ್ಥಿಂಗ್ ಇಲ್ಲದ ಮನೆಗೆ ಎಷ್ಟು ಬೆಲೆಯ ಯಂತ್ರ ತಂದರೂ ಅದು ಒಂದು ಮುಂಗಾರಿನ ಅತಿಥಿಯಷ್ಟೇ. ಗುಡುಗು ಕೇಳಿದೊಡನೆ ವಿದ್ಯುತ್ ತಂತಿಯನ್ನೂ ಇಂಟರ್‌ನೆಟ್ ತಂತಿಯನ್ನೂ ಕಿತ್ತಿಡುವ ಅಭ್ಯಾಸವು ಯಾವ ಗ್ಯಾರಂಟಿ ಕಾರ್ಡಿಗಿಂತಲೂ ಮೇಲು.

ಕೊನೆಯದು ಹಳೆಯ ಯಂತ್ರದ ಪ್ರಶ್ನೆ. 2022ರಲ್ಲಿ ಜಗತ್ತು ಹೊರಹಾಕಿದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್ನು. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆಯಿರುವುದು ಶೇಕಡಾ 22.3ಕ್ಕೆ ಮಾತ್ರ. ಅಟ್ಟದ ಮೇಲಿರುವ ಹಳೆಯ ಡುಬ್ಬದ ಪರದೆಯ ಗಾಜಿನಲ್ಲಿಯೂ ಯುಪಿಎಸ್ ಬ್ಯಾಟರಿಯಲ್ಲಿಯೂ ಸೀಸವಿದೆ. ತಾಮ್ರಕ್ಕಾಗಿ ತಂತಿ ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಗಾಳಿಗೆ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಘಟ್ಟದ ತಿರುವು ಹತ್ತಿ ಬರುವುದು ಗುಜರಿಯವರ ಗಾಡಿ, ತಯಾರಕರ ಗಾಡಿಯಲ್ಲ. ಗ್ರಾಮ ಪಂಚಾಯತಿಯ ‘ಸ್ವಚ್ಛ ಸಂಕೀರ್ಣ’ದಲ್ಲಿ ಇಂಥ ವಸ್ತುಗಳಿಗೆ ಪ್ರತ್ಯೇಕ ಜಾಗವಿರಬೇಕು. ಅಲ್ಲಿಂದ ಅಧಿಕೃತ ಮರುಬಳಕೆದಾರರಿಗೆ ವರ್ಷಕ್ಕೊಮ್ಮೆಯಾದರೂ ಸಾಗಿಸುವ ವ್ಯವಸ್ಥೆ ಆಗಬೇಕು. ಗ್ರಾಮಸಭೆಯಲ್ಲಿ ಇದನ್ನು ಕೇಳುವವರಿಲ್ಲದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಅಂಗಡಿಯಲ್ಲಿ ವೇಗವೆಷ್ಟು ಎಂದು ಕೇಳುವ ಮೊದಲು ಮೂರು ಪ್ರಶ್ನೆ ಕೇಳುವುದು ಒಳ್ಳೆಯದು. ಇದರ ಬಿಡಿಭಾಗಗಳು ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ? ರ್‍ಯಾಮ್, ಎಸ್‌ಎಸ್‌ಡಿಗಳನ್ನು ಮುಂದೆ ಹೆಚ್ಚಿಸಲು ಖಾಲಿ ಸ್ಥಳವಿದೆಯೇ? ಹಳತಾದ ಮೇಲೆ ಹಿಂದಕ್ಕೆ ಪಡೆಯುವವರು ಯಾರು? ಇವುಗಳಿಗೆ ಉತ್ತರ ಸಿಕ್ಕ ಯಂತ್ರವನ್ನು ಕೊಂಡು, ದುರಸ್ತಿ ಮಾಡಿಸುತ್ತಾ, ಏಳು ಮಳೆಗಾಲ ದಾಟಿಸಿದವರು ಹೇಳುವ ‘ಚೆನ್ನಾಗಿದೆ’ ಎಂಬ ಮಾತಿಗೆ ಬೆಲೆಯುಂಟು.