ಪಣ ಏರಿಸುವ ಹೊತ್ತು ಯಾರಿಗೆ ಗೊತ್ತು?

ಅರಳಿಕಟ್ಟೆಯಲ್ಲಿ ಅಂದರ್ ಬಾಹರ್ ಆಡಿದರೆ ಪೊಲೀಸರು ಬರುತ್ತಾರೆ, ಮರುದಿನ ಪತ್ರಿಕೆಯಲ್ಲಿ ಬಂಧನದ ಸುದ್ದಿ ಬರುತ್ತದೆ. ಮೊಬೈಲಿನಲ್ಲಿ ಪೋಕರ್ ಆಡಿದರೆ ಮಾತ್ರ ಅದು 'ಕೌಶಲದ ಆಟ' ಎಂದು ವರ್ಷಗಟ್ಟಲೆ ಹೇಳಿಸಿಕೊಂಡೆವು. 2022ರ ಫೆಬ್ರುವರಿಯಲ್ಲಿ ಕರ್ನಾಟಕ ಹೈಕೋರ್ಟ್ ರಾಜ್ಯದ ಆನ್‌ಲೈನ್ ಜೂಜು ನಿಷೇಧದ ಕಲಮುಗಳನ್ನು ರದ್ದು ಮಾಡಿದಾಗಲೂ ಕೌಶಲ ಮತ್ತು ಅದೃಷ್ಟದ ವ್ಯತ್ಯಾಸವೇ ಮುಖ್ಯವಾಗಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆ ವ್ಯತ್ಯಾಸ ನೋಡದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿತು. ಆದರೂ 'ಇದು ತಲೆ ಇರುವವರ ಆಟ ಕಣ್ರೀ' ಎನ್ನುವವರ ಬಾಯಿ ನಿಂತಿಲ್ಲ.

ಅವರ ಮಾತನ್ನು ನಾವು ಒಪ್ಪುತ್ತೇವೆ. ಪೋಕರ್ ಕೌಶಲದ ಆಟವೇ ಹೌದು. ಅದಕ್ಕೇ ಅದು ಅಂದರ್ ಬಾಹರ್‌ಗಿಂತ ಅಪಾಯಕಾರಿ ಎನ್ನುತ್ತೇವೆ.

ಲಿಮಿಟ್ ಹೋಲ್ಡೆಮ್ ಎಂಬ ಬಗೆಯನ್ನೇ ನೋಡಿ. ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ. ಪಣದ ಮೊತ್ತ ನಿಗದಿಯಾಗಿರುತ್ತದೆ. ಹಾಗಾಗಿ 'ಎಷ್ಟು ಏರಿಸಲಿ' ಎಂಬ ಪ್ರಶ್ನೆ ಇಲ್ಲ, 'ಯಾವಾಗ ಏರಿಸಲಿ' ಎಂಬುದೊಂದೇ ಪ್ರಶ್ನೆ.

ಮೇಜಿನ ಮೇಲೆ ಮೂರು ಎಲೆ ತೆರೆದಾಗ ನಿಮಗೆ ನಾಲ್ಕು ಆಟೀನು ಸೇರಿವೆ ಎನ್ನಿ. ಇನ್ನೊಂದು ಆಟೀನು ಬಂದರೆ ಫ್ಲಶ್, ಗೆಲುವು ನಿಮ್ಮದು ಎಂದಿಟ್ಟುಕೊಳ್ಳಿ. ನೀವು ಕಾಣದ 47 ಎಲೆಗಳಲ್ಲಿ ಆಟೀನು 9. ಮುಂದಿನ ಎರಡು ಎಲೆಗಳಲ್ಲಿ ಒಂದಾದರೂ ಆಟೀನು ಬರುವ ಸಾಧ್ಯತೆ ಸುಮಾರು ಶೇ 35. ಎದುರಾಳಿ ಒಬ್ಬನೇ ಇದ್ದು ಅವನು ಬಿಟ್ಟುಕೊಡುವವನಲ್ಲದಿದ್ದರೆ, ಏರಿಸಿದ ಹಣದಲ್ಲಿ ಅರ್ಧ ನಿಮ್ಮದು, ಗೆಲ್ಲುವ ಸಾಧ್ಯತೆ ಅರ್ಧಕ್ಕಿಂತ ಕಡಿಮೆ. ಏರಿಸಿದರೆ ನಷ್ಟ. ಮೂವರು ಎದುರಾಳಿಗಳು ಹಣ ಹಾಕುತ್ತಲೇ ಇದ್ದರೆ ನಿಮ್ಮ ಪಾಲು ಕಾಲು ಭಾಗ ಮಾತ್ರ. ಏರಿಸಿದರೆ ಲಾಭ. ಎಲೆ ಅದೇ, ಪಣ ಅದೇ, ಉತ್ತರ ಮಾತ್ರ ತಿರುಗುಮುರುಗು.

ಇದು ಮೊದಲ ಪಾಠ ಅಷ್ಟೆ. ಇಬ್ಬರೇ ಆಡುವ ಲಿಮಿಟ್ ಹೋಲ್ಡೆಮ್‌ನ ಪೂರ್ತಿ ಲೆಕ್ಕ ಬಿಡಿಸಲು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 4,800 ಸಿಪಿಯುಗಳನ್ನು 68 ದಿನ ದುಡಿಸಬೇಕಾಯಿತು. 2015ರಲ್ಲಿ ಪ್ರಕಟವಾದ ಆ ಪ್ರೋಗ್ರಾಮಿನ ಹೆಸರು ಸೆಫಿಯಸ್. ಎಲೆ ಹಂಚುವ ಸರದಿ ತನ್ನದಾದಾಗ ಅದು ಮೊದಲ ನಡೆಯಲ್ಲಿ ಬಹುತೇಕ ಏರಿಸುತ್ತದೆ ಇಲ್ಲವೇ ಎಲೆ ಬಿಡುತ್ತದೆ. ಸುಮ್ಮನೆ ಸಮ ಹಾಕುವುದು ಅಪರೂಪ. ಹೊಸಬ ಮಾಡುವುದು ಬಹುಮಟ್ಟಿಗೆ ಇದರ ಉಲ್ಟಾ: ಆಸೆಯಿಂದ ಸಮ ಹಾಕುತ್ತ ಹೋಗುತ್ತಾನೆ, ಹೋದ ದುಡ್ಡಿನ ಸಿಟ್ಟಿನಲ್ಲಿ ಏರಿಸುತ್ತಾನೆ.

ಅಂದರ್ ಬಾಹರ್‌ನಲ್ಲಿ ಮುಂದಿನ ಎಲೆ ಯಾರಿಗೂ ಗೊತ್ತಿಲ್ಲ, ಅಜ್ಞಾನದಲ್ಲಾದರೂ ಎಲ್ಲರೂ ಸಮಾನರು. ಪೋಕರ್‌ನಲ್ಲಿ ಗೊತ್ತಿದ್ದವನು ಗೊತ್ತಿಲ್ಲದವನನ್ನು ತಿನ್ನುತ್ತಾನೆ. ಪ್ರತಿ ಆಟದ ಹಣದಲ್ಲಿ ಪಾಲು ಮುರಿದುಕೊಳ್ಳುವ ಕಂಪನಿಗೆ ಯಾರು ಗೆದ್ದರೂ ಒಂದೇ. ಹಾಲಿನ ಬಟವಾಡೆಯ ದುಡ್ಡು ಹಾಕಿ ಕೂತ ಹುಡುಗನಿಗೆ ಎದುರಿಗಿರುವವನು ಯಾರು, ಎಷ್ಟು ಕಲಿತವನು ಎಂಬುದು ಕಾಣುವುದೂ ಇಲ್ಲ. ಕಲಿಯದವರು ಸೋಲುತ್ತಲೇ ಇದ್ದರೆ ಮಾತ್ರ ಕಲಿತವರಿಗೆ ಲಾಭ. ಈ 'ಕೌಶಲ' ನಿಂತಿರುವುದು ಅವರ ಸೋಲಿನ ಮೇಲೆ.

ಆದ್ದರಿಂದ ಸುದ್ದಿ ಬರೆಯುವ ನಮ್ಮವರಿಗೆ ಒಂದು ಮಾತು. 'ಕೌಶಲದ ಆಟ' ಎಂಬ ಪದವನ್ನು ಸರ್ಟಿಫಿಕೇಟಿನಂತೆ ಅಚ್ಚು ಮಾಡುವುದನ್ನು ನಿಲ್ಲಿಸೋಣ. ಕೌಶಲ ಯಾರದು, ದುಡ್ಡು ಯಾರದು ಎಂದು ಕೇಳೋಣ.