ಟೈರ್ ಒಡೆದರೆ ಹೊಣೆ ಯಾರದು?

ಪುಣೆಯಿಂದ ಸೊಲ್ಲಾಪುರ, ಹೈದರಾಬಾದ್ ಮಾರ್ಗವಾಗಿ ಮಚಲೀಪಟ್ಟಣದವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 65 ಕರ್ನಾಟಕವನ್ನು ಸ್ಪರ್ಶಿಸುವುದು ಬೀದರ್ ಜಿಲ್ಲೆಯಲ್ಲಿ ಮಾತ್ರ. ಮಹಾರಾಷ್ಟ್ರದ ಉಮರ್ಗಾ ದಾಟಿ ಬರುವ ವಾಹನಗಳು ಬಸವಕಲ್ಯಾಣದ ಸಮೀಪ ಹಾದು, ಹುಮನಾಬಾದ್ ಹಾಗೂ ಮನ್ನಾಏಖೇಳ್ಳಿಗಳ ಮೂಲಕ ತೆಲಂಗಾಣದ ಜಹೀರಾಬಾದಿನತ್ತ ಸಾಗುತ್ತವೆ. ಒಂದು ಕಾಲಕ್ಕೆ ರಾಷ್ಟ್ರೀಯ ಹೆದ್ದಾರಿ 9 ಎಂದು ಕರೆಯಲ್ಪಡುತ್ತಿದ್ದ ಈ ರಸ್ತೆ ಈಗ ಚತುಷ್ಪಥವಾಗಿದೆ. ಹಿಂದೆ ಲಾರಿಗಳ ಹಿಂದೆ ತೆವಳುತ್ತಿದ್ದ ಕಾರುಗಳು ಇಂದು ಗಂಟೆಗೆ ನೂರು ಕಿ.ಮೀ. ವೇಗವನ್ನು ಸಹಜವೆಂಬಂತೆ ಮುಟ್ಟುತ್ತಿವೆ. ರಸ್ತೆ ಬದಲಾಗಿದೆ; ಆ ರಸ್ತೆಯ ಮೇಲೆ ಉರುಳುವ ಟೈರುಗಳ ಬಗೆಗಿನ ನಮ್ಮ ಧೋರಣೆ ಮಾತ್ರ ಬದಲಾಗಿಲ್ಲ.

ಹೆದ್ದಾರಿ ಅಪಘಾತಗಳ ವರದಿಗಳಲ್ಲಿ ‘ಟೈರ್ ಒಡೆದು ಕಾರು ಪಲ್ಟಿ’ ಎಂಬ ಸಾಲು ಓದುಗರಿಗೆ ಚಿರಪರಿಚಿತ. ಆ ಒಂದು ಸಾಲಿನೊಂದಿಗೆ ವಿಚಾರಣೆಯೂ ಮುಗಿದಂತೆ ಭಾವಿಸಲಾಗುತ್ತದೆ. ಟೈರ್ ಒಡೆಯಿತು, ಅದಕ್ಕೆ ಯಾರೇನು ಮಾಡಲಾದೀತು, ಹಣೆಬರಹ ಎಂಬ ಸಮಾಧಾನ ಅದರಲ್ಲಿ ಅಡಗಿದೆ. ಆ ಟೈರ್ ಯಾವ ವರ್ಷ ತಯಾರಾಗಿತ್ತು, ಅದರಲ್ಲಿ ಎಷ್ಟು ಗಾಳಿ ಇತ್ತು, ಅದರ ಹಲ್ಲು ಎಷ್ಟು ಸವೆದಿತ್ತು ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. 2023ರಲ್ಲಿ ದೇಶದ ರಸ್ತೆಗಳಲ್ಲಿ 1.72 ಲಕ್ಷಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡಿರುವಾಗ, ಕೇಳದೆ ಬಿಟ್ಟ ಇಂಥ ಪ್ರಶ್ನೆಗಳು ಸಣ್ಣವೇನಲ್ಲ.

ನ್ಯಾಯಾಲಯ ಒಪ್ಪದ ‘ದೈವಕೃತ್ಯ’

ಈ ಸಮಾಧಾನವನ್ನು ಬಾಂಬೆ ಹೈಕೋರ್ಟ್ 2023ರಲ್ಲಿ ತಳ್ಳಿಹಾಕಿತು. 2010ರ ಅಕ್ಟೋಬರ್ 25ರಂದು ಪುಣೆಯಿಂದ ಮುಂಬೈಗೆ ಹೊರಟಿದ್ದ ಕಾರೊಂದರ ಹಿಂದಿನ ಟೈರ್ ಒಡೆದು, ಕಾರು ಕಂದಕಕ್ಕೆ ಉರುಳಿತ್ತು. ಕಾರಿನಲ್ಲಿದ್ದ ಪ್ರಯಾಣಿಕರೊಬ್ಬರು ಮೃತಪಟ್ಟರು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಕುಟುಂಬಕ್ಕೆ ಸುಮಾರು 1.25 ಕೋಟಿ ರೂ. ಪರಿಹಾರ ನೀಡುವಂತೆ ಆದೇಶಿಸಿದಾಗ, ವಿಮಾ ಸಂಸ್ಥೆಯು ಟೈರ್ ಒಡೆದದ್ದು ದೈವಕೃತ್ಯ, ಚಾಲಕನ ನಿರ್ಲಕ್ಷ್ಯವಲ್ಲ ಎಂದು ಮೇಲ್ಮನವಿ ಸಲ್ಲಿಸಿತು. ನ್ಯಾಯಮೂರ್ತಿ ಎಸ್.ಜಿ. ಡಿಗೆ ಅವರು ಅದನ್ನು ಒಪ್ಪಲಿಲ್ಲ. ಅತಿವೇಗ, ಕಡಿಮೆ ಅಥವಾ ಹೆಚ್ಚು ಗಾಳಿ, ಬಳಸಿದ ಹಳೆಯ ಟೈರ್, ತಾಪಮಾನ ಮುಂತಾದವು ಟೈರ್ ಒಡೆಯಲು ಕಾರಣವಾಗುತ್ತವೆ. ಹೊರಡುವ ಮುನ್ನ ಟೈರುಗಳ ಸ್ಥಿತಿಯನ್ನು ಪರೀಕ್ಷಿಸುವುದು ವಾಹನದ ಮಾಲೀಕ ಇಲ್ಲವೇ ಚಾಲಕನ ಕರ್ತವ್ಯ ಎಂಬುದು ತೀರ್ಪಿನ ಸಾರಾಂಶ.

ಇದೇ ನಾಣ್ಯದ ಮತ್ತೊಂದು ಮುಖವನ್ನು ಅದೇ ವರ್ಷ ಮಹಾರಾಷ್ಟ್ರದ ಸಮೃದ್ಧಿ ಹೆದ್ದಾರಿ ತೋರಿಸಿತು. 2023ರ ಜುಲೈ 1ರ ನಸುಕಿನಲ್ಲಿ ಬುಲ್ಡಾಣಾ ಜಿಲ್ಲೆಯಲ್ಲಿ ಖಾಸಗಿ ಬಸ್ಸೊಂದು ಪಲ್ಟಿಯಾಗಿ ಬೆಂಕಿ ಹೊತ್ತಿಕೊಂಡು 25 ಪ್ರಯಾಣಿಕರು ಸಜೀವ ದಹನವಾದರು. ಟೈರ್ ಒಡೆದದ್ದೇ ದುರಂತಕ್ಕೆ ಕಾರಣವೆಂದು ಮೊದಲು ಹೇಳಲಾಯಿತು. ಆದರೆ ಅಮರಾವತಿಯ ಪ್ರಾದೇಶಿಕ ಸಾರಿಗೆ ಕಚೇರಿಯ ವರದಿ ಆ ಸಾಧ್ಯತೆಯನ್ನು ಅಲ್ಲಗಳೆಯಿತು. ಒಂದು ಪ್ರಕರಣದಲ್ಲಿ ಟೈರ್ ನಿಜವಾಗಿಯೂ ಒಡೆದಿತ್ತು, ಹೊಣೆ ದೇವರ ಮೇಲೆ ಹೋಯಿತು. ಇನ್ನೊಂದರಲ್ಲಿ ಹೊಣೆ ಟೈರಿನ ಮೇಲೆ ಬಿತ್ತು, ತನಿಖೆ ಬೇರೆಯದೇ ಹೇಳಿತು. ಎರಡೂ ಕಡೆ ಮನುಷ್ಯರ ತಪ್ಪನ್ನು ಮುಚ್ಚಲು ಟೈರ್ ಒಂದು ಅನುಕೂಲಕರ ಪರದೆಯಾಗಿ ಒದಗಿಬಂದಿತ್ತು ಎಂಬುದು ಗಮನಾರ್ಹ.

ಬಿಸಿಲಿನ ಬಗ್ಗೆ ತಪ್ಪು ತಿಳಿವಳಿಕೆ

ಬೀದರ್, ಕಲಬುರಗಿ ಭಾಗದಲ್ಲಿ ಏಪ್ರಿಲ್, ಮೇ ತಿಂಗಳ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಹೊಸದೇನಲ್ಲ. ರಸ್ತೆಯ ಮೇಲ್ಮೈ ಇನ್ನೂ ಹೆಚ್ಚು ಕಾಯುತ್ತದೆ. ಮದುವೆಗಳ ಕಾಲವೂ ಇದೇ. ಬಸವಕಲ್ಯಾಣದ ಶರಣ ಕ್ಷೇತ್ರಗಳಿಗೆ, ಹುಮನಾಬಾದಿನ ಮಾಣಿಕನಗರಕ್ಕೆ ಕುಟುಂಬ ಸಮೇತ ಕಾರಿನಲ್ಲಿ ಬರುವವರೂ ಅನೇಕರು. ಬೇಸಿಗೆಯಲ್ಲಿ ಗಾಳಿ ಹಿಗ್ಗಿ ಟೈರ್ ಒಡೆಯುತ್ತದೆ, ಆದ್ದರಿಂದ ಸ್ವಲ್ಪ ಹವಾ ಕಡಿಮೆ ಇರಲಿ ಎಂಬ ಸಲಹೆ ಈ ದಿನಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಇದು ಸುರಕ್ಷತೆಯ ಹೆಸರಿನಲ್ಲಿ ಅಪಾಯವನ್ನು ಆಹ್ವಾನಿಸುವ ಸಲಹೆ.

ಲೆಕ್ಕ ಸರಳವಾಗಿದೆ. ಬೆಳಿಗ್ಗೆ 25 ಡಿಗ್ರಿಯಲ್ಲಿ 33 ಪಿಎಸ್‌ಐ ಗಾಳಿ ತುಂಬಿದ ಟೈರ್, ಓಟದಲ್ಲಿ ಒಳಗಿನ ಗಾಳಿ 65 ಡಿಗ್ರಿಗೆ ಏರಿದಾಗ ಸುಮಾರು 39 ಪಿಎಸ್‌ಐ ತೋರಿಸುತ್ತದೆ. ಆರು ಪಿಎಸ್‌ಐ ಏರಿಕೆಯನ್ನು ಆರೋಗ್ಯವಾದ ಟೈರ್ ನಿರಾಯಾಸವಾಗಿ ತಾಳಿಕೊಳ್ಳುತ್ತದೆ. ಈ ಏರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅದನ್ನು ರೂಪಿಸಲಾಗಿರುತ್ತದೆ. ಅಪಾಯ ಇರುವುದು ಗಾಳಿ ಕಡಿಮೆಯಾದಾಗ. ಆಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಅಗತ್ಯಕ್ಕಿಂತ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ತಂತಿಯೊಂದನ್ನು ಪದೇ ಪದೇ ಬಗ್ಗಿಸಿದರೆ ಅದು ಕಾಯುವ ಹಾಗೆ ರಬ್ಬರೂ ಕಾಯುತ್ತದೆ. ಆ ಶಾಖ ಒಳಗಿನ ಉಕ್ಕಿನ ಪಟ್ಟಿ ಮತ್ತು ರಬ್ಬರಿನ ನಡುವಣ ಬೆಸುಗೆಯನ್ನು ಸಡಿಲಗೊಳಿಸುತ್ತದೆ. ವೇಗ, ಭಾರ, ಬಿಸಿಲು ಮೂರೂ ಕೂಡಿದಾಗ ಟೈರಿನ ಮೇಲ್ಪದರ ಕಿತ್ತು ಬರುತ್ತದೆ.

ಭಾರದ ಪ್ರಶ್ನೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಟೈರಿನ ಮೇಲೆ ಅಳತೆಯ ಪಕ್ಕದಲ್ಲಿ ಮುದ್ರಿಸಿರುವ 82 ಎಂಬಂಥ ಅಂಕಿ ಅದರ ಭಾರ ಸೂಚ್ಯಂಕ. 82 ಎಂದರೆ ಒಂದು ಟೈರ್ ಹೊರಬಲ್ಲ ಗರಿಷ್ಠ ಭಾರ 475 ಕೆ.ಜಿ. ಈ ಸಾಮರ್ಥ್ಯ ನಿಗದಿತ ಪ್ರಮಾಣದ ಗಾಳಿ ಇದ್ದಾಗ ಮಾತ್ರ ಲಭ್ಯ. ಐವರ ಕಾರಿನಲ್ಲಿ ಏಳೆಂಟು ಮಂದಿ ಕುಳಿತು, ಡಿಕ್ಕಿಯಲ್ಲಿ ಸಾಮಾನು ತುಂಬಿ, ಟೈರಿನ ಗಾಳಿಯನ್ನೂ ಇಳಿಸಿದರೆ ಎರಡೂ ಕಡೆಯಿಂದ ಅಪಾಯವನ್ನು ಹೆಚ್ಚಿಸಿದಂತಾಯಿತು.

ಅಮೆರಿಕಾದ ಪಾಠ

ಈ ಮೂರು ಅಂಶಗಳ ಕೂಟ ಎಷ್ಟು ದುಬಾರಿ ಎಂಬುದನ್ನು ಜಗತ್ತು ಕಂಡದ್ದು 2000ದಲ್ಲಿ. ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳಲ್ಲಿ ಹೆಚ್ಚಾಗಿ ಬಳಕೆಯಾಗಿದ್ದ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಕಿತ್ತು ಬಂದು ಅಮೆರಿಕಾದಲ್ಲಿ ಅಪಘಾತಗಳು ಸಂಭವಿಸಿದವು. ಆ ವರ್ಷದ ಆಗಸ್ಟ್‌ನಲ್ಲಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಪಡೆಯಲಾಯಿತು. ಅಲ್ಲಿನ ಹೆದ್ದಾರಿ ಸುರಕ್ಷತಾ ಆಡಳಿತ ಈ ಟೈರುಗಳಿಗೆ ಸಂಬಂಧಿಸಿದಂತೆ 271 ಸಾವುಗಳ ದೂರುಗಳನ್ನು ದಾಖಲಿಸಿತು. ಟೆಕ್ಸಾಸ್, ಅರಿಜೋನಾ, ಫ್ಲಾರಿಡಾದಂಥ ಬಿಸಿಲ ರಾಜ್ಯಗಳಲ್ಲೇ ಪ್ರಕರಣಗಳು ಹೆಚ್ಚಾಗಿದ್ದವು. ಟೈರಿನ ತಯಾರಿಕಾ ದೋಷವೇ ಕಾರಣವೋ, ವಾಹನ ಕಂಪನಿ ಸೂಚಿಸಿದ್ದ 26 ಪಿಎಸ್‌ಐನಷ್ಟು ಕಡಿಮೆ ಗಾಳಿ ಕಾರಣವೋ ಎಂದು ಎರಡೂ ಕಂಪನಿಗಳು ಪರಸ್ಪರ ದೂಷಿಸಿಕೊಂಡವು.

ಅಮೆರಿಕಾದ ಸಂಸತ್ತು ಅದೇ ವರ್ಷ ಹೊಸ ಕಾನೂನು ತಂದಿತು. ಅದರ ಫಲವಾಗಿ, ಗಾಳಿ ಕಡಿಮೆಯಾದರೆ ಚಾಲಕನ ಮುಂದೆ ಎಚ್ಚರಿಕೆಯ ದೀಪ ಬೆಳಗಿಸುವ ವ್ಯವಸ್ಥೆ 2008ರ ಮಾದರಿಯಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಭಾರತದಲ್ಲಿ 2020ರ ತಿದ್ದುಪಡಿ ಈ ವ್ಯವಸ್ಥೆಯನ್ನು ಪ್ರಸ್ತಾಪಿಸಿದ್ದು, ಅದು ಮತ್ತು ಪಂಕ್ಚರ್ ದುರಸ್ತಿ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿಯಿಂದ ವಿನಾಯಿತಿ ನೀಡುವ ಸಂದರ್ಭದಲ್ಲಿ. ಪರಿಣಾಮವಾಗಿ ಅಗ್ಗದ ಕಾರು ಕೊಳ್ಳುವವರ ಪಾಲಿಗೆ ಈ ಎಚ್ಚರಿಕೆಯ ದೀಪ ಬಹುಕಾಲ ದೂರವೇ ಉಳಿಯಿತು.

ಹದಿನೈದು ವರ್ಷ ಕೇಳುವವರಿಲ್ಲ

ಕಾನೂನು ಇಲ್ಲವೆಂದಲ್ಲ. ಕೇಂದ್ರ ಮೋಟಾರು ವಾಹನ ನಿಯಮ 94ರ ಪ್ರಕಾರ ಕಾರಿನ ಟೈರಿನ ಹಲ್ಲಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಕೂಡದು. ದ್ವಿಚಕ್ರ ಮತ್ತು ತ್ರಿಚಕ್ರ ವಾಹನಗಳಿಗೆ ಈ ಮಿತಿ 0.8 ಮಿ.ಮೀ. ದೋಷಪೂರಿತ ವಾಹನ ಚಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಂ ಅನ್ವಯ 1,500 ರೂ.ವರೆಗೆ ದಂಡ ವಿಧಿಸಲು ಅವಕಾಶವಿದೆ. ಅದರಿಂದ ಅಪಘಾತವಾಗಿ ಯಾರಾದರೂ ಗಾಯಗೊಂಡರೆ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂ.ವರೆಗೆ ದಂಡ. ತಯಾರಿಕೆಯ ಹಂತದಲ್ಲೂ ನಿಯಮಗಳು ಬಿಗಿಯಾಗಿವೆ. ಭಾರತೀಯ ಮಾನಕ ಬ್ಯೂರೋದ ಮುದ್ರೆ ಕಡ್ಡಾಯ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಪ್ರತಿರೋಧ ಮತ್ತು ಸದ್ದಿಗೆ ಸಂಬಂಧಿಸಿದ ಮಾನದಂಡಗಳನ್ನು 2022ರಲ್ಲಿ ಪ್ರಕಟಿಸಿ, 2022-23ರಲ್ಲಿ ಹಂತ ಹಂತವಾಗಿ ಜಾರಿಗೆ ತರಲಾಯಿತು.

ಕೊರತೆ ಇರುವುದು ಟೈರ್ ಅಂಗಡಿಯಿಂದ ರಸ್ತೆಗೆ ಇಳಿದ ನಂತರ. ಟ್ಯಾಕ್ಸಿ, ಲಾರಿ, ಬಸ್ಸುಗಳು ನಿಯತಕಾಲಿಕವಾಗಿ ಅರ್ಹತಾ ಪತ್ರ ಪಡೆಯಬೇಕು. ಖಾಸಗಿ ಕಾರಿನ ನೋಂದಣಿ ಮಾತ್ರ ಒಮ್ಮೆಲೇ 15 ವರ್ಷಗಳಿಗೆ ಸಿಂಧು. ಆ ಅವಧಿಯಲ್ಲಿ ಹೊಗೆ ಪರೀಕ್ಷೆ ಆಗುತ್ತದೆ, ವಿಮೆ ನವೀಕರಣವಾಗುತ್ತದೆ. ಟೈರನ್ನು ನೋಡಲು ಯಾವ ಅಧಿಕಾರಿಗೂ ಕಡ್ಡಾಯದ ಸಂದರ್ಭ ಒದಗುವುದಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಖಾಸಗಿ ಕಾರು ಪ್ರತಿವರ್ಷ ತಪಾಸಣೆಗೆ ಒಳಪಡಬೇಕು, ಟೈರ್ ಅದರ ಒಂದು ಮುಖ್ಯ ಭಾಗ. ನಮ್ಮಲ್ಲಿ ಟೋಲ್ ನಾಕೆಯಲ್ಲಿ ಹಣ ಕಡಿತಗೊಳ್ಳಲು ಕೆಲವು ಕ್ಷಣ ಸಾಕು, ಅಲ್ಲಿಯೇ ಬೋಳು ಟೈರಿನ ಕಾರು ಯಾವ ಪ್ರಶ್ನೆಯೂ ಇಲ್ಲದೆ ದಾಟಿಹೋಗುತ್ತದೆ.

ಮಾಲೀಕರು ಮಾಡಬೇಕಾದದ್ದು

ಸರ್ಕಾರ ಎಚ್ಚರಗೊಳ್ಳುವವರೆಗೆ ಕಾಯುವ ಅಗತ್ಯವೇನೂ ಇಲ್ಲ. ಕಾರಿಗೆ ಬೇಕಾದ ಗಾಳಿಯ ಪ್ರಮಾಣವನ್ನು ಕಂಪನಿಯೇ ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಟೈರಿನ ಪಕ್ಕದಲ್ಲಿ ಮುದ್ರಿತವಾದ ಗರಿಷ್ಠ ಒತ್ತಡದ ಅಂಕಿಯನ್ನು ಇದಕ್ಕೆ ಬದಲಾಗಿ ಬಳಸಕೂಡದು. ಎರಡು ವಾರಕ್ಕೊಮ್ಮೆ ಹಾಗೂ ಪ್ರತಿ ದೂರ ಪ್ರಯಾಣದ ಮುನ್ನ, ಟೈರ್ ತಣ್ಣಗಿರುವಾಗಲೇ ಗಾಳಿ ಪರೀಕ್ಷಿಸಬೇಕು. ನೂರು ಕಿ.ಮೀ. ಓಡಿಸಿದ ಬಳಿಕ ಹೆಚ್ಚಾಗಿ ಕಂಡ ಗಾಳಿಯನ್ನು ಬಿಡಿಸಿದರೆ, ಟೈರ್ ತಣಿದಾಗ ಒಳಗೆ ಉಳಿಯುವುದು ಅಗತ್ಯಕ್ಕಿಂತ ಕಡಿಮೆ. ಸ್ಟೆಪ್ನಿಯನ್ನೂ ಮರೆಯಬಾರದು. ನೈಟ್ರೋಜನ್ ತುಂಬಿಸಿದವರೂ ಈ ಪರೀಕ್ಷೆಯಿಂದ ಮುಕ್ತರಲ್ಲ. ಸಾಮಾನ್ಯ ಗಾಳಿಯಲ್ಲಿ ಶೇ 78ರಷ್ಟು ಇರುವುದೂ ಅದೇ ನೈಟ್ರೋಜನ್.

ಟೈರಿನ ವಯಸ್ಸನ್ನು ತಿಳಿಯುವುದೂ ಸುಲಭ. ಪಕ್ಕದಲ್ಲಿರುವ ನಾಲ್ಕು ಅಂಕಿಗಳ ಪೈಕಿ ಮೊದಲೆರಡು ವಾರವನ್ನು, ನಂತರದ ಎರಡು ವರ್ಷವನ್ನು ಸೂಚಿಸುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಸವೆಯದಿದ್ದರೂ ರಬ್ಬರ್ ವಯಸ್ಸಿನೊಂದಿಗೆ ಗಡುಸಾಗಿ ಬಿರಿಯುತ್ತದೆ. ಐದು ವರ್ಷದ ನಂತರ ಪ್ರತಿವರ್ಷ ತಜ್ಞರಿಗೆ ತೋರಿಸಬೇಕು, ಹತ್ತು ವರ್ಷಕ್ಕೆ ಯಾವ ಸ್ಥಿತಿಯಲ್ಲಿದ್ದರೂ ಬದಲಿಸಬೇಕು ಎಂಬುದು ಹಲವು ತಯಾರಕರ ಸಲಹೆ. ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಒಳಗಿನ ನೂಲು ತುಂಡಾಗಿದೆ ಎಂದರ್ಥ. ಅಂಥ ಟೈರನ್ನು ತಡಮಾಡದೆ ತೆಗೆಯಬೇಕು. ಎಂಟು ಹತ್ತು ಸಾವಿರ ಕಿ.ಮೀ.ಗೊಮ್ಮೆ ಟೈರುಗಳ ಸ್ಥಾನ ಬದಲಿಸಿ, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ ಮಾಡಿಸಿದರೆ ಸವೆತ ಸಮನಾಗಿ ಆಯುಷ್ಯ ಹೆಚ್ಚುತ್ತದೆ. ಎರಡೇ ಹೊಸ ಟೈರ್ ಕೊಳ್ಳುವುದಾದರೆ ಅವುಗಳ ಸ್ಥಾನ ಹಿಂಬದಿ. ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರನ್ನು ಹಿಡಿತಕ್ಕೆ ತರುವುದು ಕಷ್ಟ. ಇಷ್ಟರ ಮೇಲೂ ಟೈರ್ ಒಡೆದರೆ ಬ್ರೇಕ್ ಒತ್ತದೆ, ಸ್ಟೀರಿಂಗ್ ನೇರವಾಗಿ ಬಿಗಿಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ವೇಗ ತಾನಾಗಿ ಇಳಿದ ಮೇಲೆ ಬದಿಗೆ ಸರಿಯಬೇಕು.

ದುಬಾರಿ ಎಂಬ ನೆಪವೂ ಈಗ ಸ್ವಲ್ಪ ಸಡಿಲಾಗಿದೆ. 2025ರ ಸೆಪ್ಟೆಂಬರ್ 22ರಿಂದ ಕಾರಿನ ಹೊಸ ಟೈರುಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆ ಶೇ 28ರಿಂದ ಶೇ 18ಕ್ಕೆ ಇಳಿದಿದೆ.

ಆಡಳಿತದ ಪಾಲು

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಹೊಸ ಇಲಾಖೆಯಾಗಲಿ, ದೊಡ್ಡ ಯಂತ್ರವಾಗಲಿ ಬೇಕಿಲ್ಲ. ಹೊಗೆ ಪರೀಕ್ಷೆಗೆ ಕಾರು ಹೇಗೂ ಬರುತ್ತದೆ. ಅಲ್ಲಿಯೇ ನಾಲ್ಕು ಟೈರುಗಳ ಹಲ್ಲಿನ ಆಳ ಮತ್ತು ತಯಾರಿಕೆಯ ವರ್ಷವನ್ನು ದಾಖಲಿಸಿ ಮಾಲೀಕರ ಗಮನಕ್ಕೆ ತರುವ ಪದ್ಧತಿ ಆರಂಭಿಸಬಹುದು. ಪೆಟ್ರೋಲ್ ಬಂಕುಗಳು ಉಚಿತವಾಗಿ ಗಾಳಿ ಒದಗಿಸಬೇಕೆಂಬ ನಿಯಮವಿದೆ. ಆ ಯಂತ್ರ ಕೆಲಸ ಮಾಡುತ್ತಿದೆಯೇ, ಅದರ ಮಾಪಕ ಸರಿ ಇದೆಯೇ ಎಂಬುದನ್ನು ಪೆಟ್ರೋಲಿನ ಅಳತೆಯಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕು. ಸಮೃದ್ಧಿ ಹೆದ್ದಾರಿಯ ಪ್ರವೇಶ ಸ್ಥಳಗಳಲ್ಲಿ ಮಹಾರಾಷ್ಟ್ರದ ಸಾರಿಗೆ ಅಧಿಕಾರಿಗಳು ಟೈರ್ ತಪಾಸಣೆಗೆ ಮುಂದಾದಂತೆ, ಬೇಸಿಗೆಯ ಎರಡು ತಿಂಗಳು ಹೆದ್ದಾರಿ 65ರಲ್ಲೂ ಅಂಥ ಕ್ರಮ ಅಸಾಧ್ಯವೇನಲ್ಲ. ಅಪಘಾತದ ಪಂಚನಾಮೆಯಲ್ಲಿ ಟೈರಿನ ವಯಸ್ಸು ಮತ್ತು ಹಲ್ಲಿನ ಆಳವನ್ನು ನಮೂದಿಸುವುದಂತೂ ಬಿಡಿಗಾಸಿನ ಖರ್ಚಿಲ್ಲದ ಕೆಲಸ.

ಬೀದರ್ ಕಡೆಯ ರಸ್ತೆ ಹೆದ್ದಾರಿಯನ್ನು ಸಂಧಿಸುವ ಮನ್ನಾಏಖೇಳ್ಳಿಯಂಥ ಊರಿಗೆ ಇದು ಪರಸ್ಥಳದ ಪ್ರಯಾಣಿಕರ ಸಮಸ್ಯೆ ಮಾತ್ರವಲ್ಲ. ನೂರರ ವೇಗದಲ್ಲಿ ಟೈರ್ ಒಡೆದ ಕಾರು ವಿಭಜಕ ದಾಟಿ ಎದುರಿನ ವಾಹನಕ್ಕೆ ಅಪ್ಪಳಿಸಬಹುದು, ಬಸ್ಸಿಗಾಗಿ ರಸ್ತೆ ಬದಿ ನಿಂತವರ ಮೇಲೂ ಹಾಯಬಹುದು. ಒಬ್ಬರ ಉದಾಸೀನದ ಬೆಲೆಯನ್ನು ಮತ್ತೊಬ್ಬರು ತೆರುವಂತಾದಾಗ ಅದನ್ನು ವಿಧಿಯೆಂದು ಕರೆದು ಕೈತೊಳೆದುಕೊಳ್ಳಲಾಗದು. ನ್ಯಾಯಾಲಯ ಹೊಣೆಯನ್ನು ಸ್ಪಷ್ಟವಾಗಿ ಗುರುತಿಸಿದೆ. ಕಾರಿನ ಮಾಲೀಕರೂ ಸಾರಿಗೆ ಇಲಾಖೆಯೂ ತಮ್ಮ ತಮ್ಮ ಪಾಲನ್ನು ಒಪ್ಪಿಕೊಳ್ಳುವುದು ಬಾಕಿ ಇದೆ.